ಒಂದರ ಬಾಡಿ, ಮತ್ತೊಂದರ ಲೆನ್ಸ್: ಸಂಡೂರಿನಲ್ಲಿ ಎಂಟು ವರ್ಷ ಇದ್ದ ಎಂ. ಕೃಷ್ಣನ್ ಅವರ ಕ್ಯಾಮರಾ ಕತೆ

ಗದಗ: ಚಳಿ ಬಿತ್ತಂದ್ರ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ದಂಡಿಗೆ ಕ್ಯಾಮರಾ ಹಿಡಿದ ಹುಡುಗರು ಬಂದು ನಿಲ್ಲುತ್ತಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿಯವರು ಇರ್ತಾರ, ಅಂತೂರ ಬೆಂತೂರದಂಥ ಹಳ್ಳಿಯವರೂ ಇರ್ತಾರ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಕೆರೆಯ ನಡುವೆ ಆರಾಮಾಗಿ ಕೂತಿರುತ್ತವೆ. ದಂಡಿಯಿಂದ ಫೋಟೋ ಹೊಡೆದು ನೋಡಿದ್ರ ಪರದೆ ಮೇಲೆ ಕಾಣೋದು ಬರೀ ಬೂದು ಚುಕ್ಕಿ. ಅಲ್ಲಿಂದ ಶುರು ಮಾತು. ಯಾವ ಕ್ಯಾಮರಾ ತಗೊಂಡ್ರ ಛಲೋ? ಎಷ್ಟು ಉದ್ದದ ಲೆನ್ಸ್ ಬೇಕು? ಎಷ್ಟು ತಿಂಗಳ ಕಂತು ಬೀಳ್ತದ?

ಹವ್ಯಾಸಕ್ಕೆ ಅಂತ ಮೊದಲ ಬಾರಿ ದೊಡ್ಡ ಕ್ಯಾಮರಾ ಕೊಳ್ಳೋದು ಸಣ್ಣ ಮಾತಲ್ಲ. ಕಿರಾಣಿ ಅಂಗಡಿ ಗಲ್ಲೆ ಮೇಲೆ ಕೂತವನಿಗೆ, ಹೊಲ ಮಾಡೋನಿಗೆ ಅದು ವರ್ಷದ ಉಳಿತಾಯದ ರೊಕ್ಕ. ತಪ್ಪು ಆಯ್ಕೆ ಆದ್ರ ಕ್ಯಾಮರಾ ಕಪಾಟಿನೊಳಗೆ, ಕಂತು ತಲೆ ಮೇಲೆ.

ಈ ಪ್ರಶ್ನೆಗೆ ತನ್ನದೇ ರೀತಿಯಲ್ಲಿ ಉತ್ತರ ಕಂಡುಕೊಂಡ ಒಬ್ಬ ಮನುಷ್ಯ ಗದಗದಿಂದ ಬಹಳ ದೂರ ಅಲ್ಲದ ಊರಲ್ಲಿ ಎಂಟು ವರ್ಷ ಬದುಕಿ ಹೋಗಿದ್ದಾರೆ. ಕೊಪ್ಪಳ, ಹೊಸಪೇಟೆ ದಾಟಿದ್ರ ಸಿಗೋ ಸಂಡೂರು ಆ ಊರು. ಅವರ ಹೆಸರು ಎಂ. ಕೃಷ್ಣನ್. ಭಾರತದ ಕಾಡುಪ್ರಾಣಿಗಳ ಫೋಟೋಗ್ರಫಿ ಅಂದ ಕೂಡಲೇ ಮೊದಲ ಸಾಲಿನಲ್ಲಿ ಬರೋ ಹೆಸರು. ತೀರಿಕೊಂಡದ್ದು 1996ರಲ್ಲಿ.

ಮೈಲಾಪುರದ ಕಿರಿ ಮಗ

ಕೃಷ್ಣನ್ ಹುಟ್ಟಿದ್ದು 1912ರ ಜೂನ್ 30ರಂದು, ತಮಿಳುನಾಡಿನ ತಿರುನೆಲ್ವೇಲಿಯಲ್ಲಿ. ತಂದೆ ಎ. ಮಾಧವಯ್ಯ ತಮಿಳಿನ ಮೊದಲ ತಲೆಮಾರಿನ ಕಾದಂಬರಿಕಾರರಲ್ಲಿ ಒಬ್ಬರು. ಉಪ್ಪು ಮತ್ತು ಅಬಕಾರಿ ಇಲಾಖೆಯಲ್ಲಿ ನೌಕರಿ ಮಾಡಿ, ಆಮೇಲೆ ಮದ್ರಾಸಿನ ಮೈಲಾಪುರದ ಮನೆಯಲ್ಲೇ ಪ್ರಿಂಟಿಂಗ್ ಪ್ರೆಸ್ ಹಾಕಿ ಪತ್ರಿಕೆ ನಡೆಸಿದವರು. ಎಂಟು ಮಕ್ಕಳಲ್ಲಿ ಕೃಷ್ಣನ್ ಕೊನೆಯವರು.

1925ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಸೆನೆಟ್ ಸಭೆಯಲ್ಲಿ ಮಾತಾಡಿದ ಬೆನ್ನಲ್ಲೇ ತಂದೆ ಅಲ್ಲೇ ತೀರಿಕೊಂಡರು. ಕೃಷ್ಣನ್‌ಗೆ ಆಗ 13 ವರ್ಷ. ಆಗಿನ ಮೈಲಾಪುರ ಈಗಿನ ಹಂಗ ಇರಲಿಲ್ಲ. ಮನೆ ಸುತ್ತ ಪೊದೆ, ಗಿಡ, ಹಕ್ಕಿ, ನರಿ ಎಲ್ಲಾ ಇದ್ದವು. ಶಾಲೆ ಪುಸ್ತಕಕ್ಕಿಂತ ಅವುಗಳ ಮೇಲೆ ಹುಡುಗನ ನಿಗಾ ಜಾಸ್ತಿ.

1927ರಲ್ಲಿ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು ಪಿ.ಎಫ್. ಫೈಸನ್. ಅವರ ಜೊತೆ ನೀಲಗಿರಿ, ಕೊಡೈಕೆನಾಲ್ ಬೆಟ್ಟಗಳಲ್ಲಿ ಸುತ್ತಿದರು. ಫೈಸನ್ ಅವರ ಹೆಂಡತಿಯಿಂದ ಜಲವರ್ಣದ ಚಿತ್ರ ಬಿಡಿಸೋದು ಕಲಿತರು. ಕೈಗೆ ಕ್ಯಾಮರಾ ಬರೋದಕ್ಕಿಂತ ಮೊದಲು ಕಣ್ಣು ತಯಾರಾದದ್ದು ಹಿಂಗ. ಎಲೆಯ ನರ ಎಲ್ಲಿ ತಿರುಗ್ತದ, ಹಕ್ಕಿ ಕುತ್ತಿಗೆ ಎಲ್ಲಿ ಬಾಗ್ತದ ಅಂತ ಕುಂಚ ಹಿಡಿದು ನೋಡಿದವನಿಗೆ ಮುಂದೆ ಲೆನ್ಸ್ ಹಿಂದೆ ನಿಂತಾಗ ಏನು ನೋಡಬೇಕು ಅನ್ನೋದು ಗೊತ್ತಿತ್ತು.

ಓದಿನಲ್ಲಿ ದೊಡ್ಡ ಅಂಕ ಬರಲಿಲ್ಲ. ಸಸ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದರು, ಕಾನೂನು ಪದವಿನೂ ತಗೊಂಡರು. 1937ರಲ್ಲಿ ಇಂದುಮತಿ ಅವರೊಂದಿಗೆ ಮದುವೆ ಆಯಿತು. ನೌಕರಿ ಮಾತ್ರ ಗಟ್ಟಿಯಾಗಿ ಒಂದೂ ನಿಲ್ಲಲಿಲ್ಲ. ಒಂದಿಷ್ಟು ದಿನ ಪ್ರಿಂಟಿಂಗ್ ಪ್ರೆಸ್, ಒಂದಿಷ್ಟು ದಿನ ಆಕಾಶವಾಣಿ. ಪತ್ರಿಕೆಗಳಿಗೆ ಬರೆದು, ಚಿತ್ರ ಬಿಡಿಸಿ ಬಂದದ್ದರಲ್ಲೇ ಸಂಸಾರ ಸಾಗಬೇಕಿತ್ತು.

ಸಂಡೂರಿನ ಎಂಟು ವರ್ಷ

1942ರಲ್ಲಿ ಸಂಡೂರಿನ ಘೋರ್ಪಡೆ ಮಹಾರಾಜರಿಂದ ನೌಕರಿ ಸಿಕ್ಕಿತು. ಸಂಡೂರು ಆಗ ಒಂದು ಸಣ್ಣ ಸಂಸ್ಥಾನ. ಸುತ್ತಲೂ ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಅದಿರು, ಮೇಲೆ ಕಾಡು. ಸಣ್ಣ ಸಂಸ್ಥಾನ ಅಂದ ಮೇಲೆ ಒಬ್ಬನೇ ಮನುಷ್ಯ ಹತ್ತು ಕೆಲಸ ಮಾಡಬೇಕು. ಕೃಷ್ಣನ್ ಶಾಲೆಯಲ್ಲಿ ಮಾಸ್ತರರಾದರು, ನ್ಯಾಯಾಧೀಶರಾದರು, ಪ್ರಚಾರ ಅಧಿಕಾರಿಯಾದರು, ಮಹಾರಾಜರ ರಾಜಕೀಯ ಕಾರ್ಯದರ್ಶಿನೂ ಆದರು.

ಕಚೇರಿ ಕೆಲಸ ಮುಗಿದ ಮೇಲಿನ ಹೊತ್ತೆಲ್ಲ ಗುಡ್ಡದಲ್ಲಿ. ಕುರಿ ಕಾಯ್ದರು. ಪಾರಿವಾಳ ಸಾಕಿ ಅವುಗಳ ಮೂಲಕ ಟಪಾಲು ಕಳಿಸೋ ವ್ಯವಸ್ಥೆಗೆ ತಳಿ ಬೆಳೆಸಿದರು. ಎಂ.ಎ., ಕಾನೂನು ಎರಡೂ ಓದಿದ ಸಾಹೇಬರು ಕುರಿ ಹಿಂದೆ ತಿರುಗೋದು ಊರವರಿಗೆ ವಿಚಿತ್ರ ಅನಿಸಿರಬೇಕು. ಆದರೆ ಕುರಿ ಕಾಯೋರಿಗೆ ಗೊತ್ತಿರೋ ಒಂದು ವಿದ್ಯೆ ಬೇರೆ ಯಾವ ಶಾಲೆಯಲ್ಲೂ ಸಿಗೋದಿಲ್ಲ: ದಿನಪೂರ್ತಿ ಬಿಸಿಲಲ್ಲಿ ಸುಮ್ಮನೆ ನಿಲ್ಲೋದು, ಪ್ರಾಣಿ ಮುಂದೆ ಯಾವ ಕಡೆ ಹೆಜ್ಜೆ ಇಡ್ತದ ಅನ್ನೋದನ್ನ ಮೊದಲೇ ತಿಳಿಯೋದು. ಕಾಡುಪ್ರಾಣಿಯ ಫೋಟೋ ತೆಗೆಯೋರಿಗೆ ಬೇಕಾದದ್ದೂ ಅದೇ.

1947ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, 1949ರಲ್ಲಿ ಸಂಡೂರು ಸಂಸ್ಥಾನ ಭಾರತದಲ್ಲಿ ವಿಲೀನ ಆಯಿತು. ಸಂಸ್ಥಾನವೇ ಇಲ್ಲ ಅಂದ ಮೇಲೆ ಅದರ ನೌಕರಿ ಎಲ್ಲಿಂದ? ಕೃಷ್ಣನ್ ಹೆಂಡತಿ, ಮಗನ ಜೊತೆ ಮದ್ರಾಸಿಗೆ ವಾಪಸ್ ಹೋದರು. ವಯಸ್ಸು 38ರ ಹತ್ತಿರ.

ಇನ್ನೊಂದು ನೌಕರಿ ಹುಡುಕೋ ವಯಸ್ಸು ಅದು. ಅವರು ಹುಡುಕಲಿಲ್ಲ. ಬರೆಯೋದು, ಫೋಟೋ ತೆಗೆಯೋದು, ಚಿತ್ರ ಬಿಡಿಸೋದು ಇಷ್ಟರಲ್ಲೇ ಬದುಕೋದು ಅಂತ ನಿರ್ಧಾರ ಮಾಡಿದರು. 1950ರಲ್ಲಿ ಕಲ್ಕತ್ತಾದ ದಿ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಕಂಟ್ರಿ ನೋಟ್‌ಬುಕ್ ಅನ್ನೋ ಅಂಕಣ ಶುರುವಾಯಿತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಅಂಕಣ 46 ವರ್ಷ, ಅಂದ್ರ ಅವರ ಕೊನೆಗಾಲದವರೆಗೂ ನಡೆಯಿತು. ಹುಲಿ, ಆನೆಯಷ್ಟೇ ಅಲ್ಲ, ಮನೆ ಹಿತ್ತಲಿನ ಅಳಿಲು, ಹಲ್ಲಿ, ಕಾಗೆ ಬಗ್ಗೆನೂ ಅದರಲ್ಲಿ ಬರೆದರು.

ಸೂಪರ್ ಪಾಂಡರೋಸಾ

ಈಗ ಕ್ಯಾಮರಾ ವಿಷಯಕ್ಕೆ ಬರೋಣ.

ಆ ಕಾಲದಲ್ಲಿ ಕಾಡುಪ್ರಾಣಿಯ ಫೋಟೋ ಅಂದ್ರ ಸುಲಭ ಅಲ್ಲ. ಕ್ಯಾಮರಾ, ಲೆನ್ಸ್ ಎಲ್ಲಾ ಹೊರದೇಶದ್ದು. ಸ್ವಾತಂತ್ರ್ಯ ಬಂದ ಮೇಲೆ ಆಮದಿನ ಮೇಲೆ ಸರ್ಕಾರದ ಬಿಗಿ ಹಿಡಿತ ಬೇರೆ. ಅಂಗಡಿಗೆ ಹೋಗಿ ಇದು ಕೊಡ್ರಿ, ಅದು ಕೊಡ್ರಿ ಅನ್ನೋ ಪರಿಸ್ಥಿತಿ ಇರಲಿಲ್ಲ. ಕೃಷ್ಣನ್ ಅವರಂಥ, ಬರೆದು ಬದುಕೋರಿಗೆ ಅಂತೂ ಇರಲೇ ಇಲ್ಲ.

ಅವರು ಮಾಡಿದ್ದು ಬೇರೆಯೇ. ಒಂದು ಕಂಪನಿಯ ದೊಡ್ಡ ಫಿಲ್ಮಿನ ಕ್ಯಾಮರಾ ಬಾಡಿ ತಗೊಂಡರು. ಬೇರೊಂದು ಕಂಪನಿಯ ಟೆಲಿ ಲೆನ್ಸ್ ಅದಕ್ಕೆ ಹೊಂದಿಸಿದರು. ನಡುವೆ ಬೇಕಾದ ಬಿಡಿಭಾಗ ಎಲ್ಲಾ ತಾವೇ ಜೋಡಿಸಿದರು. ಟ್ರ್ಯಾಕ್ಟರಿನ ಸಾಮಾನು ಹಾಕಿ ಪಂಪ್‌ಸೆಟ್ ಎಬ್ಬಿಸೋ ಗ್ಯಾರೇಜ್ ಮೇಸ್ತ್ರಿ ಇರ್ತಾರಲ್ಲ, ಹಂಗ. ತಯಾರಾದದ್ದು ಒಂದು ದೈತ್ಯ. ಅದಕ್ಕೆ ಅವರೇ ಇಟ್ಟ ಹೆಸರು ಸೂಪರ್ ಪಾಂಡರೋಸಾ. ಹೊರಲಾರದಷ್ಟು ಭಾರದ್ದು ಅಂತ ತಮ್ಮನ್ನೇ ತಾವು ಚಾಷ್ಟಿ ಮಾಡಿಕೊಂಡ ಹೆಸರು. ನೋಡಿದವರಿಗೆ ನಗು ಬರುತ್ತಿತ್ತು. ಅದರಿಂದ ಬಂದ ಫೋಟೋ ನೋಡಿದ ಮೇಲೆ ನಗು ನಿಲ್ಲುತ್ತಿತ್ತು.

ಈ ಜೋಡಣೆ ಹುಚ್ಚಾಟ ಅಲ್ಲ, ಅದರ ಹಿಂದೆ ಲೆಕ್ಕ ಇದೆ. ಮೊದಲನೆಯದು ಫಿಲ್ಮಿನ ಗಾತ್ರ. ಸಾಮಾನ್ಯ 35 ಮಿ.ಮೀ. ಫಿಲ್ಮಿನ ಒಂದು ಚಿತ್ರ 24×36 ಮಿ.ಮೀ. ಮಾತ್ರ. ಅದೇ 6×9 ಸೆಂ.ಮೀ. ಅಳತೆಯ ಫಿಲ್ಮಿನಲ್ಲಿ ಜಾಗ ಆರು ಪಟ್ಟಿಗಿಂತ ಹೆಚ್ಚು. ಪ್ರಾಣಿ ದೂರ ಇದ್ದು ಚಿತ್ರದ ಒಂದು ಮೂಲೆಯಲ್ಲಿ ಮಾತ್ರ ಬಿದ್ದರೂ, ಆ ಮೂಲೆಯನ್ನ ದೊಡ್ಡದು ಮಾಡಿ ಪ್ರಿಂಟ್ ಹಾಕಿದ್ರ ಕೂದಲು ಕೂದಲು ಕಾಣ್ತದ.

ಎರಡನೆಯದು ಲೆನ್ಸಿನ ಉದ್ದ. ಒಂದೇ ಜಾಗದಲ್ಲಿ ನಿಂತು ಫೋಕಲ್ ಲೆಂತ್ ಎರಡು ಪಟ್ಟು ಮಾಡಿದ್ರ ಫಿಲ್ಮಿನ ಮೇಲೆ ಪ್ರಾಣಿಯ ಎತ್ತರ, ಅಗಲ ಎರಡೂ ಎರಡು ಪಟ್ಟಾಗ್ತದ. ಬಾಡಿ ಎಷ್ಟೇ ದುಬಾರಿದು ಇರಲಿ, ಈ ಕೆಲಸ ಅದರಿಂದ ಆಗೋದಿಲ್ಲ, ಲೆನ್ಸ್‌ನಿಂದಲೇ ಆಗಬೇಕು.

ಮೂರನೆಯದು ಅಂತರ. ಪ್ರತಿ ಲೆನ್ಸ್‌ಗೂ ಫಿಲ್ಮಿನಿಂದ ಇಂತಿಷ್ಟು ದೂರದಲ್ಲಿ ಕೂರಬೇಕು ಅಂತ ಲೆಕ್ಕ ಇರ್ತದ. ಬೇರೆ ಕಂಪನಿಯ ಬಾಡಿಗೆ ಹಾಕಿದಾಗ ಆ ಅಂತರ ಜಾಸ್ತಿ ಆದ್ರ ದೂರದ ವಸ್ತು ಫೋಕಸ್ ಆಗೋದೇ ಇಲ್ಲ. ಅದನ್ನ ಅಳೆದು, ಸರಿ ಮಾಡಿ, ಮತ್ತೆ ಅಳೆದು ಕೂರಿಸಬೇಕು. ಕೃಷ್ಣನ್ ತಮ್ಮ ಯಂತ್ರದ ಒಂದೊಂದು ತಿರುಪನ್ನೂ ಬಲ್ಲವರಾಗಿದ್ದು ಇದೇ ಕಾರಣಕ್ಕೆ.

ಇಷ್ಟು ಭಾರದ್ದನ್ನ ಹೊತ್ತು ಕಾಡಿನಲ್ಲಿ ನಡೆದರು. ಎಷ್ಟೋ ಸಲ ಸಾಕಿದ ಆನೆಯ ಬೆನ್ನ ಮೇಲೆ ಕೂತು ಫೋಟೋ ತೆಗೆದರು. ಆನೆ ಮೇಲಿನ ಮನುಷ್ಯನನ್ನ ಕಾಡುಪ್ರಾಣಿಗಳು ಅಷ್ಟಾಗಿ ಹೆದರೋದಿಲ್ಲ. ಆದರೆ ಆನೆ ಉಸಿರಾಡಿದ್ರೂ ಕ್ಯಾಮರಾ ಅಲುಗಾಡ್ತದ. ಆ ಅಲುಗಾಟದ ನಡುವೆಯೇ ಕ್ಲಿಕ್ ಮಾಡೋ ಕ್ಷಣ ಹಿಡಿಯಬೇಕು. ಇವತ್ತಿನಂತೆ ಒಂದು ಸೆಕೆಂಡಿಗೆ ಹತ್ತು ಫೋಟೋ ಹೊಡೆದು ಒಂದು ಆರಿಸಿಕೊಳ್ಳೋ ಸೌಲಭ್ಯ ಇರಲಿಲ್ಲ.

ಬಣ್ಣ ಬ್ಯಾಡ ಅಂದರು

ಬಣ್ಣದ ಫಿಲ್ಮ್ ಬಂದು ಊರೆಲ್ಲ ಹರಡಿದ ಮೇಲೂ ಕೃಷ್ಣನ್ ಕಪ್ಪು-ಬಿಳುಪು ಬಿಡಲಿಲ್ಲ. ಬಣ್ಣ ಇಲ್ಲದ ಫೋಟೋದಲ್ಲಿ ಉಳಿಯೋದು ಬೆಳಕು, ನೆರಳು, ಆಕಾರ ಮಾತ್ರ. ಆನೆಯ ಚರ್ಮದ ಸುಕ್ಕು, ಕಾಟಿಯ ಬೆನ್ನಿನ ಉಬ್ಬು, ಚಿಗರಿಯ ಕೊಂಬಿನ ತಿರುವು ಇವೆಲ್ಲ ಅದರಲ್ಲಿ ಎದ್ದು ಕಾಣ್ತಾವ.

ಅವರ ಫೋಟೋಗಳಲ್ಲಿ ಇನ್ನೊಂದು ವಿಶೇಷ ಇದೆ. ಪ್ರಾಣಿಯ ಜೊತೆ ಅದು ಬದುಕೋ ಜಾಗನೂ ಇರ್ತದ. ಬಿದಿರು, ಹುಲ್ಲು, ಹಳ್ಳದ ಕಲ್ಲು ಎಲ್ಲಾ ಕಾಣ್ತಾವ. ಸಸ್ಯಶಾಸ್ತ್ರ ಓದಿದವರ ಕಣ್ಣು ಅದು. ಗಿಡ ಬಿಟ್ಟು ಪ್ರಾಣಿ ಇಲ್ಲ ಅನ್ನೋದು ಅವರ ನಂಬಿಕೆ. ದೇಶದ ಕಾಡುಗಳಲ್ಲಿ ಹೊರದೇಶದ ಗಿಡ ನೆಡೋದನ್ನ ಅವರು ಕೊನೆವರೆಗೂ ವಿರೋಧಿಸಿದರು.

1968ರಲ್ಲಿ ಅವರಿಗೆ ಜವಾಹರಲಾಲ್ ನೆಹರೂ ಫೆಲೋಶಿಪ್ ಸಿಕ್ಕಿತು. ದಕ್ಷಿಣ ಭಾರತದ ಸಸ್ತನಿ ಪ್ರಾಣಿಗಳ ಸಮೀಕ್ಷೆಗೆ ಕಾಡು ಕಾಡು ತಿರುಗಿದರು. ಪದ್ಮಶ್ರೀನೂ ಬಂತು. 1959ರಿಂದ 1970ರವರೆಗೆ ದೇಶದ ಕಾಡುಪ್ರಾಣಿಗಳ ಸ್ಥಿತಿ ಹೆಂಗಿತ್ತು ಅನ್ನೋ ಅವರ ವರದಿಯನ್ನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1975ರಲ್ಲಿ ಪುಸ್ತಕವಾಗಿ ತಂದಿತು. ಹುಲಿ ಯೋಜನೆಗೂ, ದೇಶದ ವನ್ಯಜೀವಿ ಮಂಡಳಿಗೂ ಸಲಹೆ ಕೊಟ್ಟರು. ಅಧಿಕಾರಿಗಳ ಮುಖ ನೋಡಿ ಮಾತಾಡೋ ಗುಣ ಇರಲಿಲ್ಲ. ತಪ್ಪು ಕಂಡಲ್ಲಿ ನೇರವಾಗಿ ಬರೆದರು, ಅದರಿಂದ ಸ್ನೇಹ ಕಳಕೊಂಡದ್ದೂ ಉಂಟು.

1996ರ ಫೆಬ್ರುವರಿ 18ರಂದು ಮದ್ರಾಸಿನಲ್ಲಿ ಕೃಷ್ಣನ್ ತೀರಿಕೊಂಡರು. ವಯಸ್ಸು 83. ಹತ್ತು ವರ್ಷ ಆದ ಮೇಲೆ, 2006ರಲ್ಲಿ, ಅವರ ಫೋಟೋ ಮತ್ತು ಬರಹ ಸೇರಿಸಿ ಐ ಇನ್ ದ ಜಂಗಲ್ ಅನ್ನೋ ದೊಡ್ಡ ಪುಸ್ತಕ ಬಂತು. ಅದನ್ನ ಸಿದ್ಧ ಮಾಡಿದವರಲ್ಲಿ ಬೆಂಗಳೂರಿನ ಹೆಸರಾಂತ ಫೋಟೋಗ್ರಾಫರ್ ಟಿ.ಎನ್.ಎ. ಪೆರುಮಾಳ್ ಕೂಡ ಒಬ್ಬರು.

ಸಂಡೂರಿನ ಮತ್ತೊಬ್ಬ ಕ್ಯಾಮರಾದವರು

ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ಅವರನ್ನ ರಾಜಕಾರಣಿ ಅಂತ ಈ ಭಾಗದ ಹಿರಿಯರಿಗೆಲ್ಲ ಗೊತ್ತು. ದೇವರಾಜ ಅರಸು ಮಂತ್ರಿಮಂಡಲದಲ್ಲಿ ಹಣಕಾಸು ಮಂತ್ರಿ ಆಗಿದ್ದವರು. ಅದೇ ಘೋರ್ಪಡೆ ಕಾಡುಪ್ರಾಣಿಗಳ ಕಪ್ಪು-ಬಿಳುಪು ಫೋಟೋದಲ್ಲಿ ಹೊರದೇಶದಲ್ಲೂ ಹೆಸರು ಮಾಡಿದರು. 1983ರಲ್ಲಿ ಸನ್‌ಲೈಟ್ ಅಂಡ್ ಶ್ಯಾಡೋಸ್ ಅನ್ನೋ ಪುಸ್ತಕ ತಂದರು. ಕೃಷ್ಣನ್ ಸಂಡೂರಿಗೆ ಬಂದಾಗ ಘೋರ್ಪಡೆ ಹತ್ತು ವರ್ಷದ ಹುಡುಗ.

ಇಬ್ಬರ ಸ್ಥಿತಿ ಬೇರೆ ಬೇರೆ. ಒಬ್ಬರು ಅರಮನೆಯವರು, ಇನ್ನೊಬ್ಬರು ಅಂಕಣ ಬರೆದು ಬಂದ ರೊಕ್ಕದಲ್ಲಿ ಮನೆ ನಡೆಸಿದವರು. ಫೋಟೋ ಎದುರಾಬದುರು ಇಟ್ಟು ನೋಡಿದ್ರ ಯಾರದು ಶ್ರೀಮಂತರ ಕ್ಯಾಮರಾ ಅಂತ ಹೇಳೋದು ಕಷ್ಟ. ಇಬ್ಬರೂ ಕಾದವರು, ಇಬ್ಬರೂ ಬೆಳಕು ನೋಡಿದವರು.

ಮಾಗಡಿ ಕೆರೆ ದಂಡಿಗೆ ಈ ಲೆಕ್ಕ

ಕೃಷ್ಣನ್ ಬದುಕಿನಿಂದ ಜಿಲ್ಲೆಯ ಹವ್ಯಾಸಿಗಳಿಗೆ ಸಿಗೋ ಮೊದಲ ಪಾಠ ಸರಳ. ಎತ್ತು ಕೊಳ್ಳೋ ರೈತ ಮೊದಲು ನೋಡೋದು ತನ್ನ ಹೊಲದ ಮಣ್ಣು. ಎರಿಯೋ, ಮಸಾರಿಯೋ ಅಂತ ತಿಳಿದ ಮೇಲೆ ಎತ್ತಿನ ಮಾತು. ಹಂಗ ಕ್ಯಾಮರಾ ಕೊಳ್ಳೋರು ಮೊದಲು ಏನು ತೆಗೀಬೇಕು ಅನ್ನೋದನ್ನ ತೀರ್ಮಾನ ಮಾಡಬೇಕು.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಲಕ್ಕುಂಡಿಯ ಬಸದಿ, ಗದಗಿನ ತ್ರಿಕೂಟೇಶ್ವರದ ಕಂಬ ತೆಗೆಯೋರಿಗೆ ಉದ್ದ ಲೆನ್ಸ್ ಬೇಕಿಲ್ಲ. ಕ್ಯಾಮರಾ ಜೊತೆ ಬರೋ 18-55 ಲೆನ್ಸ್ ಮತ್ತು ಒಂದು ಗಟ್ಟಿ ಸ್ಟ್ಯಾಂಡ್ ಸಾಕು. ಕತ್ತಲು ಗರ್ಭಗುಡಿ ಎದುರು ಕ್ಯಾಮರಾ ಅಲುಗಾಡದಂಗ ನಿಲ್ಲಿಸಿದ್ರ ಫೋಟೋ ಛಲೋ ಬರ್ತದ. ಸಂತಿ, ಜಾತ್ರಿ, ಮಂದಿ ಮುಖ ತೆಗೆಯೋರಿಗೆ 50 ಮಿ.ಮೀ.ಯ ಸಣ್ಣ ಲೆನ್ಸ್ ಒಳ್ಳೇದು. ಅದರಲ್ಲಿ ಬೆಳಕು ಜಾಸ್ತಿ ಬರ್ತದ, ಬೆಲೆನೂ ಕಡಿಮೆ.

ಹೆಬ್ಬಾತು, ಕಪ್ಪತಗುಡ್ಡದ ಹಕ್ಕಿ, ಹೊಲದ ಚಿಗರಿ ಬೇಕು ಅನ್ನೋರಿಗೆ ಮಾತ್ರ ಉದ್ದ ಲೆನ್ಸ್. ಕನಿಷ್ಠ 300 ಮಿ.ಮೀ. ಬೇಕು, 400 ಇದ್ದರೆ ಇನ್ನೂ ಅನುಕೂಲ. ಸಣ್ಣ ಸೆನ್ಸರಿನ, ಅಂದ್ರ ಎ.ಪಿ.ಎಸ್.-ಸಿ. ಕ್ಯಾಮರಾಗೆ 300ರ ಲೆನ್ಸ್ ಹಾಕಿದ್ರ ದೃಶ್ಯದ ಮಟ್ಟಿಗೆ ಅದು 450ರ ಲೆಕ್ಕಕ್ಕೆ ಬರ್ತದ. ಹಿಂಗಾಗಿ ಹಕ್ಕಿ ತೆಗೆಯೋರು ಫುಲ್ ಫ್ರೇಮ್ ಕ್ಯಾಮರಾ ಬೇಕೇ ಬೇಕು ಅಂತ ಸಾಲ ಮಾಡೋ ಕಾರಣ ಇಲ್ಲ. ಹಳೇ ಬಾಡಿ ತಗೊಂಡು ಉಳಿದ ರೊಕ್ಕ ಲೆನ್ಸ್‌ಗೆ ಹಾಕಿದ್ರ ಲಾಭ. ಬಾಡಿ ನಾಲ್ಕೈದು ವರ್ಷಕ್ಕೆ ಹಳೇದಾಗ್ತದ, ಛಲೋ ಲೆನ್ಸ್ ಇಪ್ಪತ್ತು ವರ್ಷ ನಡೀತದ.

ಕೃಷ್ಣನ್ ಮಾಡಿದ ಜೋಡಣೆ ಈಗ ಇನ್ನೂ ಸುಲಭ. ಮಿರರ್‌ಲೆಸ್ ಕ್ಯಾಮರಾಗಳಲ್ಲಿ ಲೆನ್ಸ್ ಮತ್ತು ಸೆನ್ಸರ್ ನಡುವಿನ ಅಂತರ ಕಡಿಮೆ. ನಡುವೆ ಒಂದು ಅಡಾಪ್ಟರ್ ಬಳೆ ಹಾಕಿ ಬೇರೆ ಕಂಪನಿಯ ಹಳೇ ಲೆನ್ಸ್ ಕೂರಿಸಬಹುದು. ಬಹುತೇಕ ಹಳೇ ಲೆನ್ಸ್‌ಗಳಲ್ಲಿ ಫೋಕಸ್ ಕೈಯಿಂದಲೇ ಮಾಡಬೇಕಾಗ್ತದ. ಕೂತ ಹಕ್ಕಿಗೆ ಅದು ತೊಂದರೆ ಅಲ್ಲ, ಹಾರೋ ಹಕ್ಕಿಗೆ ಕಷ್ಟ.

ಸೆಕೆಂಡ್ ಹ್ಯಾಂಡ್ ಕೊಳ್ಳೋರು ಮೂರು ವಿಷಯ ನೋಡಬೇಕು. ಲೆನ್ಸ್ ಒಳಗೆ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿದ್ರ ಬೂಸ್ಟು ಇದ್ದರೆ ಜೇಡರ ಬಲೆ ಹಂಗ ಕಾಣ್ತದ. ಅಂಥದ್ದು ಬ್ಯಾಡ. ಬಾಡಿಯ ಶಟರ್ ಎಷ್ಟು ಸಲ ಬಡಿದದೆ ಅಂತ ಕೇಳಬೇಕು. ಫೋಕಸ್ ಬಳೆ ತಿರುಗಿಸಿದಾಗ ಮರಳು ಸಿಕ್ಕಂಗ ಕರಕರ ಅಂದ್ರ ಒಳಗೆ ಧೂಳು ಹೊಕ್ಕಿದೆ ಅಂತ ಅರ್ಥ. ಎರಿ ಮಣ್ಣಿನ ಧೂಳು ಬಹಳ ನುಣುಪು, ಬೇಸಿಗೆಯಲ್ಲಿ ಬೈಕ್ ಮೇಲೆ ಕ್ಯಾಮರಾ ಒಯ್ಯೋರು ಗಟ್ಟಿ ಮುಚ್ಚಳದ ಡಬ್ಬಿಯೊಳಗೆ ಇಡೋದು ಒಳ್ಳೇದು.

ಉದ್ದ ಲೆನ್ಸ್ ಕೈಗೆ ಬಂದ ಮೇಲೆ ಎದುರಾಗೋ ತೊಂದರೆ ಅಲುಗಾಟ. 300ರ ಲೆನ್ಸ್ ಹಿಡಿದಾಗ ಶಟರ್ ವೇಗ ಸೆಕೆಂಡಿನ 300ನೇ ಒಂದು ಭಾಗಕ್ಕಿಂತ ನಿಧಾನ ಇರಬಾರದು. ಹಾರೋ ಹೆಬ್ಬಾತಿಗೆ ಸಾವಿರದ ಒಂದು ಭಾಗವಾದರೂ ಬೇಕು. ಸ್ಟ್ಯಾಂಡ್ ಇಲ್ಲದಿದ್ರ ಬೈಕಿನ ಸೀಟಿನ ಮೇಲೆ ಕಾಳು ತುಂಬಿದ ಸಣ್ಣ ಚೀಲ ಇಟ್ಟು ಅದರ ಮೇಲೆ ಲೆನ್ಸ್ ಊರಿದ್ರೂ ನಡೀತದ. ಆನೆ ಬೆನ್ನಿಗಿಂತ ಬೈಕಿನ ಸೀಟು ಸಾವಿರ ಪಾಲು ಸ್ಥಿರ.

ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕ ಮೇಲೆ ಬರೋ ಮಂದಿ ಹೆಚ್ಚಾಗಿದ್ದಾರೆ. ಹಕ್ಕಿ ಹತ್ತಿರ ಬರಲಿ ಅಂತ ನೀರಿಗಿಳಿಯೋದು, ಹಾರಿಸೋಕೆ ಕಲ್ಲು ಒಗೆಯೋದು ಕೆಲವರ ಚಾಳಿ. ದಿನವಿಡೀ ಕೆರೆಯಲ್ಲಿ ದಣಿವಾರಿಸಿಕೊಂಡು, ಕತ್ತಲಾದ ಮೇಲೆ ಹೊಲಗಳಿಗೆ ಮೇಯಲು ಹೋಗೋ ಹಕ್ಕಿಗಳವು. ಹಗಲು ಎಬ್ಬಿಸಿದ್ರ ಮಾರ್ಚ್ ಹೊತ್ತಿಗೆ ಮತ್ತೆ ಹಿಮಾಲಯ ದಾಟೋ ಶಕ್ತಿ ಅವಕ್ಕೆ ಎಲ್ಲಿಂದ ಬರಬೇಕು?

ಸಂಡೂರಿನ ಗುಡ್ಡದಲ್ಲಿ ಕುರಿ ಕಾಯ್ದ ಮನುಷ್ಯ ಯಾವ ಪ್ರಾಣಿಯನ್ನೂ ಎಬ್ಬಿಸಿ ಫೋಟೋ ತೆಗೆಯೋ ಜಾತಿಯವರಲ್ಲ. ಈ ಚಳಿಗಾಲ ಹೊಸ ಕ್ಯಾಮರಾ ಕೊಳ್ಳೋ ವಿಚಾರ ಇದ್ದವರು ಮೊದಲು ಬರಿಗೈಲಿ ನಾಲ್ಕು ಮುಂಜಾನೆ ಕೆರೆ ದಂಡಿಗೆ ಹೋಗಿ ಕೂತು ಬರಬಹುದು. ಹಕ್ಕಿ ಎಷ್ಟು ದೂರ ಕೂರ್ತದ, ಬಿಸಿಲು ಯಾವ ಕಡೆಯಿಂದ ಬೀಳ್ತದ, ಐದನೇ ದಿನವೂ ಏಳಬೇಕು ಅನಿಸ್ತದೋ ಇಲ್ಲೋ ಅನ್ನೋದು ಅಷ್ಟರೊಳಗೆ ಗೊತ್ತಾಗ್ತದ. ಅನಿಸಿದ್ರ ಅಂಗಡಿಗೆ ಹೋಗಲಿಕ್ಕೆ ಅಡ್ಡಿ ಇಲ್ಲ.